ಬಾಡಿಗೆಯವರ ಮಿಲ್ಲು

ನಮ್ಮ ದೊಡ್ಡಪ್ಪ ಕಟ್ಟಿಸಿದ ಕಾಂಪ್ಲೆಕ್ಸಿನ ಮುಂಭಾಗಕ್ಕೆ ನೀಲಿ ಗಾಜು ಹಾಕಿಸಿದ್ದರು. ಆ ಗಾಜು ದಿನದಿಂದ ದಿನಕ್ಕೆ ಮಸಿ ಹಿಡಿದು ಕಪ್ಪಾಗುವುದನ್ನು ನಾನು ಬೆಳಿಗ್ಗೆ ಎದ್ದು, ಕಾಫಿ ಲೋಟ ಹಿಡಿದುಕೊಂಡು, ನಿಂತು ನೋಡುತ್ತಿದ್ದೆ. ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು. ಈಗಲೂ ನೆನೆಸಿಕೊಂಡರೆ ಸಣ್ಣದೊಂದು ನಗು ಬರುತ್ತದೆ. ಇದನ್ನು ಓದಿದವರು ನನ್ನನ್ನು ಕೆಟ್ಟವಳು ಅಂದುಕೊಂಡರೆ ಅಂದುಕೊಳ್ಳಲಿ. ಅವರ ಹೊಟ್ಟೆಪಾಡಿನ ಕರೆಂಟನ್ನು ಸ್ವಂತದವರು ಯಾರೂ ಕಿತ್ತಿರಲಿಕ್ಕಿಲ್ಲ.

ಯಲಹಂಕದ ಹಳೇ ಊರಿನಲ್ಲಿ ನಮ್ಮದು ಹಿಟ್ಟಿನ ಮಿಲ್ಲು. ಹೆಂಚಿನ ಮಾಡು, ಬೀದಿಗೆ ಎರಡು ಕಲ್ಲುಮೆಟ್ಟಿಲು, ಒಳಗೆ ರಾಗಿ ಗೋಧಿಗೆ ಒಂದು ಮಿಷನ್ನು, ಖಾರದಪುಡಿಗೆ ಇನ್ನೊಂದು. ಅಪ್ಪ, ದೊಡ್ಡಪ್ಪ ಒಟ್ಟಿಗಿದ್ದ ಕಾಲದಲ್ಲಿ ಹಾಕಿದ್ದು. ಆಮೇಲೆ ಅಣ್ಣತಮ್ಮಂದಿರು ಭಾಗವಾದರು. ಬೀದಿಗೆ ಮುಖ ಮಾಡಿದ ಮಿಲ್ಲು, ಅದಕ್ಕಂಟಿದ ಎರಡು ಕೋಣೆಯ ಮನೆ ಅಪ್ಪನಿಗೆ ಬಂತು. ಹಿಂದಿನ ಕೊಟ್ಟಿಗೆ, ಹುಣಸೆಮರ, ದೊಡ್ಡ ಹಿತ್ತಿಲು, ಪಕ್ಕದಲ್ಲಿ ಬೀದಿಯವರೆಗೂ ಬರುವ ಗಾಡಿದಾರಿ ದೊಡ್ಡಪ್ಪನಿಗೆ ಹೋಯಿತು. ಖಾತೆ ಬೇರೆ ಬೇರೆಯಾದವು. ಮಿಲ್ಲಿನ ಕರೆಂಟ್ ಮೀಟರ್ ಮಾತ್ರ ದೊಡ್ಡಪ್ಪನ ಹೆಸರಿನಲ್ಲೇ ಉಳಿಯಿತು. ಮನೆಯ ಹಿರಿಯನ ಹೆಸರಲ್ಲಿ ಮೀಟರ್ ಹಾಕಿಸುವುದು ಆಗಿನ ರೂಢಿ. ಅದನ್ನು ನಮ್ಮ ಹೆಸರಿಗೆ ಮಾಡಿಕೊಡಿ ಅಂತ ಕೇಳಿದರೆ, ನಿನ್ನ ಮೇಲೆ ನಂಬಿಕೆಯಿಲ್ಲ ಅಂತ ಮುಖಕ್ಕೇ ಹೇಳಿದಂತೆ. ಅಪ್ಪ ಕೇಳಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ಕೇಳಲಿಲ್ಲ. ಬಿಲ್ಲು ಅವರ ಹೆಸರಿಗೆ ಬರುತ್ತಿತ್ತು, ನಾವು ಕಟ್ಟುತ್ತಿದ್ದೆವು. ನಮ್ಮೂರಿನಲ್ಲಿ ಹೀಗೆ ಮರ್ಯಾದೆಯ ಮೇಲೆ ಓಡುತ್ತಿದ್ದ ಮೀಟರುಗಳು ಇನ್ನೆಷ್ಟಿದ್ದವೋ.

ನಾನು ಪಿಯುಸಿ ಮುಗಿಸಿ ಮಿಲ್ಲಿನಲ್ಲೇ ಕೂತವಳು. ಮದುವೆ ಆಗಲಿಲ್ಲ. ಬಂದ ಗಂಡುಗಳಿಗೆಲ್ಲ ನನ್ನ ಬಾಯಿಯ ಬಗ್ಗೆ ಯಾರೋ ಮೊದಲೇ ಹೇಳಿಬಿಟ್ಟಿರುತ್ತಿದ್ದರು. ಅಮ್ಮ ಮಿಷನ್ನಿನ ಬೀಸುಕಲ್ಲು ಬಿಗಿ ಮಾಡುತ್ತಿದ್ದಳು, ನಾನು ಕಾಳು ಸುರಿದು ಹಿಟ್ಟು ಹಿಡಿಯುತ್ತಿದ್ದೆ. ಸಂಜೆ ಹೊತ್ತಿಗೆ ಇಬ್ಬರ ಹುಬ್ಬೂ ಬೆಳ್ಳಗಾಗಿರುತ್ತಿದ್ದವು.

ಏರ್‌ಪೋರ್ಟು ದೇವನಹಳ್ಳಿ ಕಡೆಗೆ ಬಂದ ಮೇಲೆ ನಮ್ಮ ಬೀದಿಗೆ ಹುಚ್ಚು ಹಿಡಿಯಿತು. ಪವರ್‌ಲೂಮ್ ಶೆಡ್ಡು ಜಿಮ್ ಆಯಿತು. ಮಗ್ಗದ ಸದ್ದು ಹೋಗಿ ಅಲ್ಲಿ ದಪ್ಪ ಹಾಡು ಬಂತು. ಸಾಮಿಲ್ಲಿನವರು ಮರದ ದಿಮ್ಮಿಗಳನ್ನೆಲ್ಲ ಮಾರಿ ಜಾಗವನ್ನು ಕಾರು ತೊಳೆಯುವವರಿಗೆ ಕೊಟ್ಟರು. ಸೀಮೆಎಣ್ಣೆ ಡಿಪೋ ಬೇಕರಿಯಾಯಿತು. ವರ್ಷ ಕಳೆದರೂ ಅಲ್ಲಿನ ಬನ್ನಿಗೆ ಸೀಮೆಎಣ್ಣೆ ವಾಸನೆ ಇದೆ ಅಂತ ಅಮ್ಮ ಹೇಳುತ್ತಿದ್ದಳು. ಯಾವ ಕಟ್ಟಡವನ್ನು ನೋಡಿದರೂ ನನಗೆ ಮೊದಲು ಕಾಣುವುದು ಅದರ ಹಿಂದೆ ನಡೆದ ಜಗಳ. ಮೆಟ್ಟಿಲು ಬೀದಿಗೆ ಚಾಚಿದ್ದರೆ ಮಾಲೀಕ ದಬ್ಬಾಳಿಕೆಯವನು. ಪಕ್ಕದ ಮನೆಯ ಕಿಟಕಿಗೆ ಸರಿಯಾಗಿ ಗೋಡೆ ಎದ್ದಿದ್ದರೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಇನ್ನು ಇಡೀ ಮುಖಕ್ಕೆ ಗಾಜು ಹಾಕಿಸುವವರು ತಮ್ಮನ್ನು ತಾವೇ ನೋಡಿಕೊಳ್ಳಬೇಕು ಅನ್ನುವ ಜನ.

ದೊಡ್ಡಪ್ಪ ಹುಣಸೆಮರ ಕಡಿಸಿ, ಕೊಟ್ಟಿಗೆ ಕೆಡವಿಸಿ, ಹಿತ್ತಿಲಲ್ಲಿ ನಾಲ್ಕು ಮಹಡಿ ಎಬ್ಬಿಸಿದರು. ಎಬ್ಬಿಸುವಾಗ ಅವರ ಕಣ್ಣಿಗೆ ಬೀಳದಿದ್ದ ನಮ್ಮ ಮಿಲ್ಲು, ಗಾಜು ಹಾಕಿಸಿದ ಮೇಲೆ ಕಣ್ಣಿಗೆ ಚುಚ್ಚತೊಡಗಿತು. ಬೀದಿಯಲ್ಲಿ ನಿಂತು ನೋಡಿದರೆ ಕಾಂಪ್ಲೆಕ್ಸಿನ ಅರ್ಧ ಮುಖಕ್ಕೆ ನಮ್ಮ ಹೆಂಚಿನ ಮಾಡು ಅಡ್ಡ. ಕಾರು ನಿಲ್ಲಿಸುವುದಕ್ಕೆ ಆ ಗಾಡಿದಾರಿಯೊಂದು ಬಿಟ್ಟರೆ ಬೇರೆ ಜಾಗವಿಲ್ಲ. ಒಂದು ದಿನ ಬಂದು ಮಿಲ್ಲಿನ ಮೆಟ್ಟಿಲ ಮೇಲೆ ಕೂತರು. ಅಮ್ಮ ತಲೆ ಮೇಲೆ ಸೆರಗು ಹೊದ್ದು ಮಿಷನ್ನಿನ ಹಿಂದೆ ನಿಂತಳು. ಭಾವನ ಎದುರು ಅವಳು ಯಾವತ್ತೂ ಕೂತವಳಲ್ಲ.

“ನೋಡವ್ವ, ಬಾಡಿಗೆಗೆ ಬಂದೋರೆಲ್ಲ ನೋಡ್ಕಂಡು ಓಯ್ತಾವ್ರೆ. ಮುಂದೆ ಕಾರ್ ನಿಲ್ಸೋಕೆ ಜಾಗ ಇಲ್ಲ ಅಂತಾರೆ. ಮಿಲ್ಲು ನಂಗ್ ಬಿಟ್ಕೊಡು. ಅಲ್ಲಾಳಸಂದ್ರದ ಕಡೆ ಒಂದ್ ಸೈಟ್ ಕೊಡ್ತೀನಿ, ಮನೆ ಕಟ್ಕಂಡು ಆರಾಮಾಗಿರಿ” ಅಂದರು.

“ಮಿಲ್ಲು ಬಿಟ್ಟು ನಾನೇನ್ ಮಾಡ್ಲಿ ಭಾವ?”

“ಎಂಗಸ್ರಿಗ್ಯಾಕೆ ಈ ಧೂಳು?”

“ಇದೇ ಧೂಳಲ್ಲಿ ಮಗಳನ್ನ ಸಾಕಿದೀನಿ. ಕೊಡಲ್ಲ ಭಾವ” ಅಂದಳು ಅಮ್ಮ. ದೊಡ್ಡಪ್ಪ ಪಂಚೆ ಕೊಡವಿಕೊಂಡು ಎದ್ದು ಹೋದರು.

ಆಗ ಬೇಸಿಗೆ. ಊರೆಲ್ಲ ವರ್ಷಕ್ಕಾಗುವಷ್ಟು ಖಾರದಪುಡಿ, ಸಾರಿನಪುಡಿ ಮಾಡಿಸಿಟ್ಟುಕೊಳ್ಳುವ ಕಾಲ. ಮೆಟ್ಟಿಲಿನಿಂದ ಬೀದಿಯವರೆಗೆ ಡಬ್ಬಗಳ ಸಾಲು. ಅಂಥ ಒಂದು ಬೆಳಿಗ್ಗೆ ಕರೆಂಟ್ ಆಫೀಸಿನಿಂದ ಇಬ್ಬರು ಬಂದು ಮೀಟರಿನ ವೈರು ಬಿಚ್ಚತೊಡಗಿದರು. ಅರ್ಧ ಪುಡಿಯಾದ ಮೆಣಸಿನಕಾಯಿ ಮಿಷನ್ನಿನೊಳಗೇ ನಿಂತುಹೋಯಿತು. ಯಾಕಪ್ಪ ಅಂತ ಕೇಳಿದರೆ ಅವರಲ್ಲೊಬ್ಬ, “ಓನರ್ರೇ ಸರೆಂಡರ್ ಮಾಡವ್ರೆ ಕಣಮ್ಮ. ಬಾಡಿಗೆಯವ್ರು ಖಾಲಿ ಮಾಡ್ತಾವ್ರೆ, ಕರೆಂಟ್ ಬೇಡ ಅಂತ ಬರ್ಕೊಟ್ಟವ್ರೆ” ಅಂದ. ಅವನ ತಪ್ಪೇನಿಲ್ಲ, ಪಾಪ. ಖಾರದ ಘಾಟಿಗೆ ಸೀನುತ್ತಲೇ ಬಿಚ್ಚಿಕೊಂಡು ಹೋದ.

ಅಮ್ಮ ಖಾರ ಮೆತ್ತಿದ ಕೈಯಲ್ಲೇ ಹಿಂದಕ್ಕೆ ಹೋದಳು. ನಾನೂ ಹಿಂದೆ ಓಡಿದೆ. ಕಾಂಪ್ಲೆಕ್ಸಿನ ಮುಂದೆ ದೊಡ್ಡಪ್ಪ ಮೇಸ್ತ್ರಿಯ ಜೊತೆ, ಊರಿನ ನಾಲ್ಕು ಜನರ ಜೊತೆ ನಿಂತಿದ್ದರು. ಅಮ್ಮ ಎಲ್ಲರ ಮುಂದೆ ಕೇಳಿದಳು. “ಭಾವ, ನಾವು ಬಾಡಿಗೆಯವ್ರಾ?”

ಅವರು ಅಮ್ಮನ ಕಡೆ ತಿರುಗಲೂ ಇಲ್ಲ. ಮೇಸ್ತ್ರಿಗೆ ಹೇಳಿದರು: “ಬಾಡಿಗೆಯವ್ರಲ್ದೆ ಇನ್ಯಾರು? ಇಷ್ಟ್ ವರ್ಸ ನನ್ ಮೀಟ್ರಲ್ಲಿ ಓಡುಸ್ಕಂಡವ್ರೆ.” ಮೇಸ್ತ್ರಿ ನಕ್ಕ. ಆ ನಾಲ್ಕು ಜನರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಅಮ್ಮ ಆ ಮನೆಗೆ ಸೇರಕ್ಕಿ ಒದ್ದು ಬಂದವಳು, ಅತ್ತೆಯ ಕೊನೆಗಾಲದಲ್ಲಿ ಮಲಮೂತ್ರ ಬಾಚಿದವಳು. ಅದೆಲ್ಲ ಅವರಿಗೆಲ್ಲ ಗೊತ್ತಿತ್ತು.

ಮಿಲ್ಲಿಗೆ ವಾಪಸ್ಸು ಬಂದು ಅಮ್ಮ ಅಳಲಿಲ್ಲ. ಮಿಷನ್ನಿನ ಬಾಯಿಗೆ ಕೈ ಹಾಕಿ ಸಿಕ್ಕಿಕೊಂಡಿದ್ದ ಮೆಣಸಿನಕಾಯಿ ಬಾಚಿ ತೆಗೆಯುತ್ತ, “ಅದೇ ಬಾಯಲ್ಲಿ ಮನೆಯೋರು ಅಂತ ಏಳಿಸ್ತೀನಿ. ಏಳಿಸ್ದೆ ಬಿಡಲ್ಲ” ಅಂದಳು. ನನಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ನನಗೆ ಅವರ ಕಾಂಪ್ಲೆಕ್ಸು ಹಾಳು ಬೀಳಬೇಕಿತ್ತು. ಅಮ್ಮನಿಗೆ ಬೇಕಾದದ್ದು ಒಂದು ಮಾತು, ನನಗೆ ಬೇಕಾದದ್ದು ಅವರ ಹೊಟ್ಟೆ ಉರಿಯುವುದು. ಇಬ್ಬರೂ ಒಂದೇ ಕೆಲಸಕ್ಕೆ ಕೈ ಹಾಕಿದ್ದರಿಂದ ಆ ವ್ಯತ್ಯಾಸ ನನಗೆ ಆಗ ಗೊತ್ತಾಗಲಿಲ್ಲ.

ಖಾತೆ ನಮ್ಮದೇ ಆದ್ದರಿಂದ ಹೊಸ ಮೀಟರಿಗೆ ನಾವೇ ಅರ್ಜಿ ಹಾಕಬಹುದಿತ್ತು, ಆದರೆ ಕಿತ್ತವರೇ ಹಾಕಿಸಿಕೊಡಲಿ ಅಂತ ಅಮ್ಮ ಹಟ ಹಿಡಿದಳು. ಅಮ್ಮನ ತವರು ಚಿಕ್ಕಜಾಲದ ಕಡೆ. ಅಲ್ಲಿ ಬತ್ತಿಹೋದ ಬಾವಿಯ ಪಕ್ಕ ಹಳೆಯ ಡೀಸೆಲ್ ಇಂಜಿನ್ನೊಂದು ತುಕ್ಕು ಹಿಡಿದು ಬಿದ್ದಿತ್ತು. ನಮ್ಮ ಸೋದರಮಾವ ಅದನ್ನು ರಿಪೇರಿ ಮಾಡಿಸಿ, ಟೆಂಪೋದಲ್ಲಿ ಹಾಕಿಕೊಂಡು ಬಂದರು. ಮಿಲ್ಲಿನ ಹಿಂಗೋಡೆಯ ಬಳಿ ಕೂರಿಸಿ ಬೆಲ್ಟು ಹಾಕಿದ್ದಾಯಿತು. ಹೊಗೆ ಹೋಗುವ ಪೈಪನ್ನು ಎಲ್ಲಿಗೆ ಬಿಡುವುದು ಅಂತ ಮಾವ ಕೇಳಿದರು. ಹೆಂಚಿನ ಮೇಲಕ್ಕೆ ಎತ್ತಿ ಹಿಂದಕ್ಕೆ ತಿರುಗಿಸಿ ಅಂತ ಹೇಳಿದವಳು ನಾನೇ. ಹಿಂದೆ ಇದ್ದದ್ದು ನೀಲಿ ಗಾಜು.

ಇಂಜಿನ್ನಿನ ಹ್ಯಾಂಡಲ್ ತಿರುಗಿಸಲು ಇಬ್ಬರ ಬಲವೂ ಬೇಕಿತ್ತು. ಅಮ್ಮ ಸೆರಗು ಸಿಕ್ಕಿಸಿಕೊಂಡು ಒಂದು ಕಡೆ, ನಾನು ಇನ್ನೊಂದು ಕಡೆ. ಅದು ಒಮ್ಮೆ ಕೆಮ್ಮಿ, ಎರಡು ಸಲ ಕೆಮ್ಮಿ, ಆಮೇಲೆ ಇಡೀ ಬೀದಿಯೇ ಎದ್ದು ನೋಡುವಂತೆ ಬಡಿದುಕೊಳ್ಳುತ್ತಿತ್ತು. ಮೋಟರಿನ ಸದ್ದು ಅದರ ಮುಂದೆ ಏನೂ ಅಲ್ಲ. ಖರ್ಚು ಕೈ ಕಚ್ಚುತ್ತಿತ್ತು, ರಾತ್ರಿ ಮಲಗಿದರೂ ಕಿವಿಯಲ್ಲಿ ಅದೇ ಬಡಿತ. ಆದರೂ ಕಪ್ಪು ಹೊಗೆ ಹೋಗಿ ಮೊದಲ ಮಹಡಿಯ ಗಾಜಿಗೆ ಮುತ್ತಿಕ್ಕುವುದನ್ನು ನೋಡಿದಾಗ ಡೀಸೆಲಿನ ದುಃಖವೆಲ್ಲ ಮರೆತುಹೋಗುತ್ತಿತ್ತು.

ಅಲ್ಲಿ ಆಗತಾನೆ ಹಲ್ಲಿನ ಡಾಕ್ಟರೊಬ್ಬರು ಕ್ಲಿನಿಕ್ ತೆರೆದಿದ್ದರು. ಒಂದು ದಿನ ಮಾಸ್ಕ್ ಗದ್ದಕ್ಕೆ ಇಳಿಸಿಕೊಂಡೇ ಕೆಳಗೆ ಬಂದರು. “ಮೇಡಂ, ಪೇಷೆಂಟ್ ಬಾಯೊಳಗೆ ಡ್ರಿಲ್ ಇರುತ್ತೆ. ನಿಮ್ ಇಂಜಿನ್ ಶುರು ಆದ್ರೆ ನನ್ ಚೇರೇ ಅಲ್ಲಾಡುತ್ತೆ ಕಣ್ರೀ.”

“ಕರೆಂಟ್ ಇದ್ದಿದ್ರೆ ನಮಗ್ಯಾಕೆ ಸರ್ ಈ ಕರ್ಮ? ನಿಮ್ ಓನರ್‌ನ ಕೇಳಿ, ಕರೆಂಟ್ ಎಲ್ಲಿ ಹೋಯ್ತು ಅಂತ” ಅಂದೆ.

ಅವರು ಕೇಳಿದರು ಅಂತ ಕಾಣುತ್ತದೆ. ಕೆಳಗಿನ ಬಟ್ಟೆ ಅಂಗಡಿಯವರೂ ಕೇಳಿದರು. ಅವರ ಬಿಳಿ ಪಂಚೆಗಳೆಲ್ಲ ಸಂಜೆ ಹೊತ್ತಿಗೆ ಬೂದಿ ಬಣ್ಣವಾಗುತ್ತಿದ್ದವಂತೆ. ಡಾಕ್ಟರು ಮುಂದಿನ ಬೇಸಿಗೆಯೊಳಗೆ ಚೇರು ಬಿಚ್ಚಿಕೊಂಡು ಆರ್.ಟಿ. ನಗರಕ್ಕೆ ಹೋದರು. ಆ ಚೇರನ್ನು ಟೆಂಪೋಗೆ ಹತ್ತಿಸುವಾಗ ನಾನು ಮೆಟ್ಟಿಲ ಮೇಲೆ ನಿಂತು, ಅದು ಮರೆಯಾಗುವ ತನಕ ನೋಡಿದೆ.

ಆಗ ದೊಡ್ಡಪ್ಪನ ಮಗ ಬಂದ. ನನಗಿಂತ ದೊಡ್ಡವನು, ಅಣ್ಣ ಅನ್ನುತ್ತೇನೆ. ಕೆಟ್ಟವನಲ್ಲ, ಅಪ್ಪನ ಮುಂದೆ ಉಸಿರೆತ್ತದವನು. “ಚಿಕ್ಕಮ್ಮ, ನಿಮ್ ಎಸ್ರಲ್ಲೇ ಒಸಾ ಮೀಟ್ರು ಆಕ್ಸ್ಕೊಡ್ತೀವಿ. ಒಂದ್ ಸೈನ್ ಆಕಿ ಸಾಕು, ಮಿಕ್ಕಿದ್ದೆಲ್ಲ ನಾವೇ ಓಡಾಡ್ತೀವಿ” ಅಂದ. ಅಮ್ಮ ಸಹಿ ಹಾಕಿ ಕೊಟ್ಟಳು. ಕೊಡುವಾಗ, “ನಿಮ್ಮಪ್ಪ ಬಂದು ಆ ಮಾತು ವಾಪಸ್ ತಗಳ್ಲಿ. ಅಲ್ಲೀಗಂಟ ಇಂಜಿನ್ ಇಲ್ಲೇ ಇರ್ತದೆ” ಅಂದಳು.

ದೊಡ್ಡಪ್ಪ ಬರಲಿಲ್ಲ. ಆದರೆ ನಮ್ಮ ಮೀಟರಿಗಾಗಿ ಅವರು ಬಿಳಿ ಪಂಚೆ ಉಟ್ಟುಕೊಂಡು ಕರೆಂಟ್ ಆಫೀಸಿನ ಕ್ಯೂನಲ್ಲಿ ನಿಂತಿದ್ದನ್ನು ನನ್ನ ಕಣ್ಣಾರೆ ಕಂಡೆ. ನಾನು ಎದುರಿನ ಅಂಗಡಿಯಲ್ಲಿ ಬೇಕೆಂತಲೇ ಎಳನೀರು ಕುಡಿಯುತ್ತ ನಿಂತೆ. ಅವರೂ ನನ್ನನ್ನು ನೋಡಿದರು. ಹಬ್ಬಕ್ಕೆ ಮಾವನ ಮನೆಗೆ ಹೋಗಿ ಗಂಜಿ ಕುಡಿಯಬೇಕಾಗಿ ಬಂದ ಅಳಿಯನಂತೆ ಮುಖ ಮಾಡಿಕೊಂಡು ಇನ್ನೊಂದು ಕಡೆ ತಿರುಗಿದರು. ಆ ಎಳನೀರಿನಷ್ಟು ರುಚಿಯಾದದ್ದನ್ನು ನಾನು ಆಮೇಲೆ ಕುಡಿದಿಲ್ಲ.

ಕರೆಂಟ್ ಬಂತು, ಮಿಲ್ಲು ಮೋಟರಿನಲ್ಲಿ ಓಡಿತು. ಇಂಜಿನ್ನಿಗೆ ಟಾರ್ಪಾಲು ಹೊದಿಸಿ ಅಲ್ಲೇ ಬಿಟ್ಟೆವು. ಹಗ್ಗ ಕಟ್ಟಿಕೊಂಡು ಇಳಿದ ಹುಡುಗರು ಗಾಜು ತೊಳೆದರು, ಸಂದಿಗಳಲ್ಲಿದ್ದ ಮಸಿ ಮಾತ್ರ ಹೋಗಲಿಲ್ಲ. ಕ್ಲಿನಿಕ್ ಇದ್ದಲ್ಲಿ ಕೋಚಿಂಗ್ ಕ್ಲಾಸು ಬಂತು, ಹೋಯಿತು. ಮೊಬೈಲ್ ಅಂಗಡಿ ಬಂತು, ಹೋಯಿತು. ಬಂದವರೆಲ್ಲ ಕಾರು ಎಲ್ಲಿ ನಿಲ್ಲಿಸೋದು ಅಂತ ಕೇಳಿ ನಮ್ಮ ಹೆಂಚಿನ ಮಾಡನ್ನು ನೋಡುತ್ತಿದ್ದರು. ನಮ್ಮ ಬೀದಿ ಪೂರ್ತಿ ಬದಲಾಗಿ, ಜಿಮ್ಮಿನ ಮೇಲೆ ಪಿಜಿ ಬಂದು, ಬೇಕರಿ ದೊಡ್ಡ ಹೋಟೆಲಾಗಿ, ಕಾರು ತೊಳೆಯುವ ಜಾಗದಲ್ಲಿ ಮದುವೆ ಹಾಲ್ ಎದ್ದರೂ ಆ ಕಾಂಪ್ಲೆಕ್ಸಿನ ಮುಂದೆ ಬಾಡಿಗೆಗಿದೆ ಅನ್ನುವ ಬೋರ್ಡು ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತಿತ್ತು. ನಾವು ಏನೂ ಮಾಡುತ್ತಿರಲಿಲ್ಲ. ಸುಮ್ಮನೆ ಇದ್ದ ಜಾಗದಲ್ಲಿ ಇದ್ದೆವು, ಅಷ್ಟೆ. ಸೇಡು ತೀರಿಸಿಕೊಳ್ಳಲು ಇಷ್ಟು ಸುಲಭದ ದಾರಿ ಇದೆ ಅಂತ ನನಗೆ ಮೊದಲು ಗೊತ್ತಿರಲಿಲ್ಲ.

ಕಾಂಪ್ಲೆಕ್ಸಿನ ಮೇಲಿನ ಮಹಡಿಯಲ್ಲೇ ಮನೆ ಮಾಡಿಕೊಂಡಿದ್ದ ದೊಡ್ಡಪ್ಪ ದಿನಾ ಮಿಲ್ಲಿನ ಮುಂದೆಯೇ ಓಡಾಡುತ್ತಿದ್ದರು. ಬೇರೆ ದಾರಿಯಿರಲಿಲ್ಲ. ಅವರು ಬರುವುದು ಕಂಡರೆ ಅಮ್ಮ ಕೆಲಸ ನಿಲ್ಲಿಸಿ, ಸೆರಗು ಹೊದ್ದು, ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಅದು ಮರ್ಯಾದೆಯೂ ಹೌದು, ಕೇಳುವುದೂ ಹೌದು. ಅವರು ನೆಲ ನೋಡಿಕೊಂಡು ದಾಟುತ್ತಿದ್ದರು. ಮೊದಲು ಬಿರುಸಾಗಿ ದಾಟುತ್ತಿದ್ದರು, ಆಮೇಲೆ ಕೋಲು ಹಿಡಿದು, ಕೊನೆಕೊನೆಗೆ ಅಣ್ಣನ ಭುಜ ಹಿಡಿದುಕೊಂಡು. ಒಂದು ಸಲ ಮೆಟ್ಟಿಲ ಮುಂದೆ ನಿಂತರು. ಅಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಅವರು ಕೆಮ್ಮಿ, ಉಗುಳಿ, ಮುಂದೆ ಹೋದರು.

ಅವರು ಸತ್ತ ಸುದ್ದಿ ಒಂದು ದಿನ ಬೆಳಿಗ್ಗೆ ಬಂತು. ನಾವು ದಾಯಾದಿಗಳು. ಅಂದಮೇಲೆ ಸೂತಕ ನಮಗೂ. ತಿಥಿ ಮುಗಿಯುವ ತನಕ ಮಿಲ್ಲಿನ ಬಾಗಿಲು ಹಾಕಬೇಕು; ಸೂತಕದ ಕೈಯಲ್ಲಿ ಹಾಕಿದ ಹಿಟ್ಟನ್ನು ಊರಲ್ಲಿ ಯಾರೂ ಮನೆಗೆ ಒಯ್ಯುವುದಿಲ್ಲ. ಸತ್ತೂ ನಮ್ಮ ಮಿಲ್ಲು ನಿಲ್ಲಿಸಿದರಲ್ಲ ಅಂತ ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮನ ಜೊತೆ ಜಗಳಕ್ಕೆ ಸಿದ್ಧಳಾಗಿ ಮಿಲ್ಲಿಗೆ ಹೋದರೆ ಅವಳು ಆಗಲೇ ಬೆಲ್ಟು ನೋಡುತ್ತಿದ್ದಳು. ಹಿಂದಿನ ದಿನ ಬಿಟ್ಟುಹೋದ ಡಬ್ಬಗಳಲ್ಲಿ ಮೊದಲನೆಯದನ್ನು ಎತ್ತಿ ರಾಗಿ ಸುರಿದು ಸ್ವಿಚ್ಚು ಒತ್ತಿದಳು.

ಸದ್ದು ಕೇಳಿ ಜನ ಬಂದರು. ಎದುರು ಮನೆಯ ಅಜ್ಜಿ, “ಏನವ್ವ ಇದು? ನಿಮ್ಗೆ ಸೂತಕ ಅಲ್ವಾ?” ಅಂದಳು.

“ಬಾಡಿಗೆಯೋರಿಗೆ ಯಾವ್ ಸೂತಕ ಅಜ್ಜಿ?” ಅಂದಳು ಅಮ್ಮ.

ಅಜ್ಜಿ ತನ್ನ ಡಬ್ಬ ಹೊತ್ತುಕೊಂಡು ವಾಪಸ್ಸು ಹೋದಳು. ಇನ್ನೂ ಕೆಲವರು ತಮ್ಮ ಡಬ್ಬ ವಾಪಸ್ಸು ಒಯ್ದರು. ಕೆಲವರು ಒಯ್ಯಲಿಲ್ಲ. ಕಾಂಪ್ಲೆಕ್ಸಿನ ಮುಂದೆ ತರಕಾರಿ ಗಾಡಿ ನಿಲ್ಲಿಸುತ್ತಿದ್ದವಳನ್ನು ದೊಡ್ಡಪ್ಪ ಒಮ್ಮೆ ಎಬ್ಬಿಸಿ ಕಳಿಸಿದ್ದರು. ಅವಳು ಎಲ್ಲಿಂದಲೋ ಒಂದು ಸೇರು ಗೋಧಿ ತಂದು, “ನಂದೂ ಆಕ್ಕೊಡವ್ವ, ಅರ್ಜೆಂಟಿಲ್ಲ” ಅಂತ ಮೆಟ್ಟಿಲ ಮೇಲೆ ಆರಾಮಾಗಿ ಕೂತಳು. ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಹೆಣವನ್ನು ಗಾಡಿದಾರಿಯಲ್ಲಿ, ಗಾಜಿನ ಮುಂದೆ ಕೂರಿಸಿದ್ದರು. ತಮಟೆಯವರು ಬಡಿಯುತ್ತಿದ್ದರು, ನಮ್ಮ ಮಿಲ್ಲು ಓಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅಣ್ಣ ಒದ್ದೆ ಪಂಚೆಯಲ್ಲಿ ಬಂದ. ಹಿಂದೆ ಊರಿನ ಹಿರಿಯರು.

“ಚಿಕ್ಕಮ್ಮ, ನಿಲ್ಸಿ. ಬಾಯಿಗೆ ಅಕ್ಕಿ ಆಕೋಕೆ ಬನ್ನಿ. ದಾಯಾದಿಗಳು ಆಕ್ದೆ ಎಂಗ್ ಎತ್ತೋದು ಅಂತಾವ್ರೆ ಎಲ್ಲ.”

“ನಾವು ಯಾರಪ್ಪ ನಿಮ್ಗೆ?” ಅಂದಳು ಅಮ್ಮ. ಕಾಳು ಸುರಿಯುವ ಕೈ ನಿಲ್ಲಲಿಲ್ಲ.

ಅಣ್ಣ ಹಿಂದಿದ್ದವರ ಕಡೆ ತಿರುಗಿ, ಮಿಲ್ಲಿನ ಸದ್ದಿನ ಮೇಲೆ ಕೇಳಿಸುವಂತೆ ಕೂಗಿದ: “ಇವ್ರು ನಮ್ ಮನೆಯೋರು. ಬಾಡಿಗೆಯೋರು ಅಂದಿದ್ದು ನಮ್ಮಪ್ಪಂದು ತಪ್ಪು. ಎಲ್ರ ಮುಂದೆ ಏಳ್ತಾ ಇದೀನಿ.” ಅಂದು ಮೇಸ್ತ್ರಿಯ ಪಕ್ಕ ಬಾಯಿ ಮುಚ್ಚಿಕೊಂಡು ನಿಂತಿದ್ದ ನಾಲ್ವರಲ್ಲಿ ಇಬ್ಬರು ಅಲ್ಲೇ ಇದ್ದರು. ಅವರೂ ಹೂಂ ಅಂದರು.

ಗೆದ್ದೆವು ಅಂದುಕೊಂಡೆ. ಇಷ್ಟು ವರ್ಷ ಅಮ್ಮ ಕಾದದ್ದು ಈ ಮಾತಿಗೇ ಅಲ್ಲವೇ? ನನ್ನ ಕೈ ತಾನಾಗಿಯೇ ಸ್ವಿಚ್ಚಿಗೆ ಹೋಯಿತು. ಅಮ್ಮ ನನ್ನ ಮಣಿಕಟ್ಟು ಹಿಡಿದಳು.

“ನೀನ್ ಏಳಿದ್ರೆ ಏನಪ್ಪ ಬಂತು? ಏಳ್ಬೇಕಾದೋನು ಅಲ್ಲಿ ಬಾಯ್ ಮುಚ್ಕ ಕೂತವ್ನೆ” ಅಂದಳು. ಅವರನ್ನು ಅವಳು ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ಓಗು ಮಗ, ಒತ್ತಾಯ್ತದೆ. ನಿನ್ ಕೆಲ್ಸ ನೋಡ್ಕೊ.”

ನಾವಿಲ್ಲದೆಯೇ ಎತ್ತಿದರು. ಮಿಲ್ಲಿನ ಮುಂದೆ ಹೆಣ ದಾಟುವಾಗ ಅಮ್ಮ ಬಾಗಿಲಿಗೆ ಬಂದು ನಿಲ್ಲಲಿಲ್ಲ. ನಾನು ನಿಂತೆ. ತಲೆ ಮೇಲೆ ಏನೂ ಹೊದೆಯದೆ, ಸೊಂಟಕ್ಕೆ ಕೈಯಿಟ್ಟುಕೊಂಡು, ಮೆಟ್ಟಿಲ ಮೇಲೆ. ಊರೆಲ್ಲ ನನ್ನನ್ನು ನೋಡಿತು. ನೋಡಲಿ ಅಂತಲೇ ನಿಂತಿದ್ದೆ.

ಮರುದಿನವೂ ಮಿಲ್ಲು ಓಡಿತು, ಅದರ ಮರುದಿನವೂ. ಮೂರನೆಯ ದಿನ, ಅವರು ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದ ಸಂಜೆ, ನಾನು ಕೈಕಾಲು ತೊಳೆದು ಒಳಗೆ ಬಂದರೆ ದೇವರ ಮುಂದೆ ದೀಪವಿರಲಿಲ್ಲ. ಆಗ ಹೊಳೆಯಿತು, ಹಿಂದಿನ ಎರಡು ದಿನವೂ ಇರಲಿಲ್ಲ. ಸಾರಿಗೆ ಒಗ್ಗರಣೆಯೂ ಇರಲಿಲ್ಲ. ಅಮ್ಮನಿಗೆ ಸುಸ್ತಾಗಿದೆ ಅಂದುಕೊಂಡು ನಾನು ಸುಮ್ಮನೆ ಉಂಡಿದ್ದೆ. ಅವಳ ತಲೆಗೆ ಎಣ್ಣೆ ಇರಲಿಲ್ಲ. ಹಾಸಿಗೆ ಸುತ್ತಿಟ್ಟು ಬರೀ ಚಾಪೆಯ ಮೇಲೆ ಮಲಗುತ್ತಿದ್ದಳು.

“ಏನಮ್ಮ ಇದು? ಸೂತಕ ಹಿಡಿದಿದೀಯಾ?”

ಅಮ್ಮ ಚಾಪೆ ಬಿಡಿಸಿ ಅಡ್ಡಾದಳು. ಆಮೇಲೆ, “ಊರಿಗೆ ನಾವು ಬಾಡಿಗೆಯೋರು ಕಣೆ. ಅವ್ರು ನಿಮ್ಮಪ್ಪನ ಒಡಹುಟ್ಟಿದೋರಲ್ವಾ” ಅಂದಳು. ಮತ್ತೆ ಬಹುವಚನಕ್ಕೆ ಬಂದಿದ್ದಳು.

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ದೊಡ್ಡಪ್ಪನ ಮೇಲೆ ಕೂಡ ಅಷ್ಟು ಸಿಟ್ಟು ಬಂದಿರಲಿಲ್ಲ. ಇಡೀ ಊರಿನ ಮುಂದೆ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಮನೆಯೊಳಗೆ ಇವಳು ಅವರಿಗಾಗಿ ಬರೀ ನೆಲದ ಮೇಲೆ ಮಲಗಿದ್ದಳು. ಎದ್ದು ಹೋಗಿ ಬತ್ತಿ ಹೊಸೆದು, ಎಣ್ಣೆ ತುಂಬಿಸಿ, ದೀಪ ಹಚ್ಚಿದೆ. ಸೂತಕದ ಮನೆಯಲ್ಲಿ ಹಚ್ಚಬಾರದು ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ಅಮ್ಮ ಗೋಡೆಯ ಕಡೆ ಹೊರಳಿಕೊಂಡಳು.

ತಿಥಿಯ ದಿನದವರೆಗೂ ದೀಪ ನಾನೇ ಹಚ್ಚಿದೆ, ಬೇಗ ಆರಬಾರದು ಅಂತ ಎಣ್ಣೆ ಜಾಸ್ತಿ ಹಾಕಿ. ಅಷ್ಟೂ ಸಂಜೆ ಅಮ್ಮ ನನಗೆ ಬೆನ್ನು ಹಾಕಿ ಕೂತಿದ್ದಳು.